ತೋಡಿನ ನಡುವೆ ನಿಂತು ಅರ್ಜಿ ಕೇಳುತ್ತಿದ್ದ ಹುಕ್ರಪ್ಪ ಗೌಡರು

ಹುಕ್ರಪ್ಪ ಗೌಡರು ಊರ ಹಳ್ಳದ, ಅಂದರೆ ತೋಡಿನ, ಅರ್ಜಿಗಳನ್ನು ಕಚೇರಿಯಲ್ಲಿ ಕೂತು ಓದಿಸಿಕೊಂಡದ್ದನ್ನು ನಾನು ಒಂದು ಸಲ ಬಿಟ್ಟರೆ ನೋಡಿಲ್ಲ. ಯಾರಿಗಾದರೂ ತೋಡು ದಾಟಲು ಒಂದು ಕಾಲುಸೇತುವೆ, ಸಂಕ ಹಾಕಬೇಕು, ನೀರು ನಿಲ್ಲಿಸಲು ಕಟ್ಟ ಕಟ್ಟಬೇಕು, ಬಟ್ಟೆ ಒಗೆಯಲು ನಾಲ್ಕು ಮೆಟ್ಟಿಲು ಮಾಡಬೇಕು ಎಂದಿದ್ದರೆ ಪಂಚಾಯಿತಿಗೆ ಅರ್ಜಿ ಬರೆಯಬೇಕು. ಅರ್ಜಿ ಬಂದ ಮಾರನೆಯ ಬೆಳಿಗ್ಗೆ ಅಧ್ಯಕ್ಷರಾದ ಗೌಡರು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ತಲೆಗೆ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ ಇಟ್ಟುಕೊಂಡು, ನೆಟ್ಟಗೆ ತೋಡಿನ ನಡುವಿಗೆ ಹೋಗಿ ನಿಲ್ಲುತ್ತಿದ್ದರು. ಗುಮಾಸ್ತನಾದ ನಾನು ಹತ್ತಿರದ ಒಂದು ಬಂಡೆ ಹತ್ತಿ, ನೀರಿನ ಸದ್ದಿಗೆ ಮೇಲಾಗುವಂತೆ ದನಿ ಎತ್ತರಿಸಿ, 'ಮಾನ್ಯ ಅಧ್ಯಕ್ಷರ ಸನ್ನಿಧಾನಕ್ಕೆ' ಎಂಬಲ್ಲಿಂದ 'ತಮ್ಮ ವಿಧೇಯ' ಎಂಬಲ್ಲಿಯ ತನಕ ಓದಬೇಕು. ಈಚೆ ದಡದಲ್ಲಿ ಅರ್ಜಿದಾರ, ಆಚೆ ದಡದಲ್ಲಿ ನೆರೆಯವರು. ಓದುವುದು ಇಬ್ಬರಿಗೂ ಕೇಳಬೇಕು. ಕೇಳಲಿಲ್ಲವೆಂದು ಯಾರಾದರೂ ಕೈ ಆಡಿಸಿದರೆ ಮೊದಲಿನಿಂದ ಮತ್ತೆ.

ನಾನು ಆಗ ಮಂಗಳೂರಿನಲ್ಲಿ ಬಿ.ಎ. ಮುಗಿಸಿ, ಚರ್ಚಾಸ್ಪರ್ಧೆಯ ಒಂದು ಕಪ್ಪನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಬಂದಿದ್ದೆ. ಲಾ ಕಾಲೇಜಿಗೆ ಸೇರುವುದಕ್ಕೆ ಇನ್ನೂ ಸಮಯವಿತ್ತು. ಪಂಚಾಯಿತಿಯ ಗುಮಾಸ್ತರು ಕಾಯಿಲೆ ಬಿದ್ದದ್ದರಿಂದ ಆ ಕುರ್ಚಿ ಎರಡು ವರ್ಷ ನನ್ನದಾಯಿತು. ಸ್ಪರ್ಧೆಗಳಲ್ಲಿ ನಾವು ಯಾವ ಬದಿಗೆ ಮಾತಾಡಬೇಕೆಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಬೆಳಿಗ್ಗೆ ಪಾನನಿರೋಧದ ಪರ, ಮಧ್ಯಾಹ್ನ ಅದೇ ಪಾನನಿರೋಧದ ವಿರುದ್ಧ, ಎರಡರಲ್ಲೂ ಗೆದ್ದಿದ್ದೇನೆ. ಹಾಗೆ ಗೆದ್ದವನಿಗೆ ಲೋಕದಲ್ಲಿ ಯಾವುದನ್ನೂ ನಂಬಬೇಕೆಂದು ಅನ್ನಿಸುವುದಿಲ್ಲ. ನೀರಿನಲ್ಲಿ ನಿಂತು ಅರ್ಜಿ ಕೇಳುವ ಅಧ್ಯಕ್ಷರನ್ನಂತೂ ಸ್ವಲ್ಪವೂ ನಂಬಬೇಕೆನ್ನಿಸಲಿಲ್ಲ.

ಮೊದಲನೆಯ ವಾರವೇ ನಾನು ವಾದ ಹೂಡಿದೆ. ಅರ್ಜಿಯ ವಿಷಯವನ್ನು ಸಾರ್ವಜನಿಕರಿಗೆ ತಿಳಿಸುವುದಕ್ಕೆ ಕಚೇರಿಯ ಗೋಡೆಯಲ್ಲಿ ನೋಟೀಸು ಬೋರ್ಡು ಇದೆ, ಅಲ್ಲಿ ಅಂಟಿಸಿದರೆ ಕಾನೂನಿನ ಪ್ರಕಾರ ಎಲ್ಲರಿಗೂ ತಿಳಿದ ಹಾಗೆ ಎಂದೆ. ಗೌಡರು ಬೋರ್ಡನ್ನು ಬಹಳ ಹೊತ್ತು ನೋಡಿದರು.

"ಅಲ್ಲ ವಕೀಲ್ರೆ, ಮಳೆಗಾಲದಲ್ಲಿ ನೀರು ಈ ಬೋರ್ಡಿಗೆ ಬರ್ತದಾ?"

ಬರುವುದಿಲ್ಲ ಎಂದೆ.

"ಮತ್ತೆ ಇಲ್ಲಿ ಅಂಟಿಸಿ ಎಂತ ಪ್ರಯೋಜನ?"

ಇದು ಉತ್ತರವೇ ಅಲ್ಲ ಎಂದು ಯಾವ ತೀರ್ಪುಗಾರನೂ ಹೇಳಿಯಾನು. ಆದರೆ ಅಲ್ಲಿ ತೀರ್ಪುಗಾರರಿರಲಿಲ್ಲ. 'ವಕೀಲ್ರೆ' ಎಂಬ ಹೆಸರು ಮಾತ್ರ ಅಂದಿನಿಂದ ನನಗೆ ಅಂಟಿತು.

ಗೌಡರಿಗೆ ಅರುವತ್ತರ ಹತ್ತಿರ ವಯಸ್ಸು. ಮೂರನೆಯ ಕ್ಲಾಸಿನವರೆಗಿನ ಓದು. ರುಜು ಹಾಕುವುದೆಂದರೆ ಅವರಿಗೆ ಗದ್ದೆ ಉತ್ತಷ್ಟು ಕೆಲಸ. ನಾಲಿಗೆಯನ್ನು ತುಟಿಯ ಒಂದು ಮೂಲೆಗೆ ಒತ್ತಿಕೊಂಡು ಬರೆದು, ಅಡಿಗೆ ಒಂದು ಗೀಟು ಎಳೆದು, ಅದು ಒಣಗುವ ತನಕ ಕಾಗದವನ್ನು ಯಾರಿಗೂ ಕೊಡುತ್ತಿರಲಿಲ್ಲ. ಮನೆಯವರೊಡನೆ ತಮ್ಮ ಜನರ ಅರೆಭಾಷೆ, ಬೈಯುವುದಕ್ಕೆ ತುಳು, ಸರಕಾರದ ವಿಷಯಕ್ಕೆ ಕನ್ನಡ. ಒಂದೇ ವಾಕ್ಯದಲ್ಲಿ ಮೂರೂ ಬಂದರೆ ಅವರಿಗೆ ದಾರಿ ತೋಚುತ್ತಿಲ್ಲ ಎಂದು ತಿಳಿಯಬೇಕು. ತೋಡಿನ ವಿಷಯದಲ್ಲಿ ಮೂರೂ ಆಗಾಗ ಬರುತ್ತಿದ್ದವು.

ಬರದೆ ಏನು ಮಾಡಿಯಾವು? ನಮ್ಮೂರು ಸುಳ್ಯದಿಂದ ಸಂಪಾಜೆಗೆ ಹೋಗುವ ರಸ್ತೆಯಿಂದ ಒಂದು ಮೈಲು ಒಳಗೆ. ಸುಳ್ಯ ಇನ್ನೂ ತಾಲೂಕು ಆಗಿರಲಿಲ್ಲ, ಎಲ್ಲದಕ್ಕೂ ಪುತ್ತೂರಿಗೇ ಓಡಬೇಕು. ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವೇ ವರ್ಷಗಳಾಗಿದ್ದವು. ಕಚೇರಿಯ ಕಪಾಟಿನಲ್ಲಿ ಎರಡು ಕಾನೂನು ಪುಸ್ತಕಗಳಿದ್ದವು, ಒಂದು ಮದರಾಸಿನದ್ದು, ಒಂದು ಮೈಸೂರಿನದ್ದು. ಹಳೆಯದನ್ನು ಎಸೆಯಲು ಯಾರೂ ಹೇಳಿರಲಿಲ್ಲ, ಹೊಸದನ್ನು ಓದಲು ಯಾರಿಗೂ ಹೊತ್ತಿರಲಿಲ್ಲ. ತೋಡಿನ ನೀರು ಒಬ್ಬರದ್ದು, ತೋಡಿನ ನೆಲ ಇನ್ನೊಬ್ಬರದ್ದು, ದಡದ ಮರ ಮತ್ತೊಬ್ಬರದ್ದು ಎಂದು ನಾನು ಓದಿ ತಿಳಿದುಕೊಂಡೆ. ಅದರ ಮೇಲೊಂದು ಸಣ್ಣ ಸಂಕ ಹಾಕಲು ಅಪ್ಪಣೆ ಕೊಡಬೇಕಾದವರು ಯಾರೆಂಬುದು ಎಷ್ಟು ಓದಿದರೂ ತಿಳಿಯಲಿಲ್ಲ. ಮೇಲಿನವರಿಗೆ ಬರೆದು ಕೇಳಿದೆ. ಸದರಿ ಜಲಮಾರ್ಗ ಹೊಳೆಯೋ ತೋಡೋ ಸ್ಪಷ್ಟಪಡಿಸಿ ಎಂದು ಮರುಪ್ರಶ್ನೆ ಬಂತು. ಮಳೆ ಜೋರಾದ ಆಟಿ ತಿಂಗಳಲ್ಲಿ ಅದು ಆನೆಯನ್ನೂ ಒಯ್ಯುವ ಹೊಳೆ, ಮಾಘದಲ್ಲಿ ತೋಡು, ಬೇಸಗೆ ಬಲಿತ ಮೇಲೆ ದನ ಅಟ್ಟುವ ದಾರಿ. ಯಾವುದೆಂದು ಬರೆಯುವುದು?

"ಯಾವ ತಿಂಗಳಲ್ಲಿ ಅಂತ ಅವರನ್ನೇ ಕೇಳಿ," ಎಂದರು ಗೌಡರು. ಕೇಳಿದೆ. ಆ ಕಾಗದಕ್ಕೆ ಉತ್ತರವೇ ಬರಲಿಲ್ಲ.

ಉತ್ತರ ಬರುವ ತನಕ ಊರು ಕಾಯುವುದಿಲ್ಲವಲ್ಲ. ಗೌಡರು ತಮ್ಮದೇ ಕ್ರಮದಲ್ಲಿ ಒಪ್ಪಿಗೆ ಕೊಡುತ್ತಿದ್ದರು. ಅವರ ಎಲ್ಲ ಒಪ್ಪಿಗೆಗಳೂ ಒಂದೇ ಮಾತಿನಲ್ಲಿ ಮುಗಿಯುತ್ತಿದ್ದವು: 'ಪತ್ತನಾಜೆಯವರೆಗೆ ಮಾತ್ರ.' ಬೇಸಗೆಯ ಕೊನೆಗೆ, ಮಳೆ ಹೊಸ್ತಿಲಲ್ಲಿ ನಿಂತಿರುವಾಗ ಬರುವ ದಿನ ಪತ್ತನಾಜೆ. ಅಂದಿಗೆ ಭೂತಗಳ ಕೋಲ ಮುಗಿಯಬೇಕು, ಯಕ್ಷಗಾನ ಆಟದ ಮೇಳದವರು ಗೆಜ್ಜೆ ಬಿಚ್ಚಬೇಕು. ತೋಡಿಗೆ ಅಡ್ಡ ಹಾಕಿದ ಏನಿದ್ದರೂ ಅಂದಿಗೆ ಬಿಚ್ಚಬೇಕೆಂಬುದು ಗೌಡರು ಸೇರಿಸಿದ್ದು. ಕಾನೂನಿನಲ್ಲಿ ಮಾರ್ಚ್ ಮೂವತ್ತೊಂದು ಎಂಬ ದಿನವಿದೆ, ಪತ್ತನಾಜೆ ಎಂಬ ದಿನವಿಲ್ಲ ಎಂದು ನಾನು ಆಕ್ಷೇಪಿಸಿದೆ. ಅವರು ಹೇಳಿದ್ದು ಈಗಲೂ ನೆನಪಿದೆ: "ಆಗ್ಲಿ ಹೇಳುದು ಸುಲಭ. ಬೇಡ ಹೇಳುದೂ ಸುಲಭ. ಯಾವಾಗ ತನಕ ಅಂತ ಹೇಳುದು ಉಂಟಲ್ಲ ಮಾರಾಯ್ರೆ, ಅದೇ ಕಷ್ಟದ್ದು."

ಒಬ್ಬರು ಬಟ್ಟೆ ಒಗೆಯಲು ಮೆಟ್ಟಿಲು ಕೇಳಿದರು. ನಾನು ಓದಿದೆ. ಆಚೆ ದಡದಿಂದ ಒಬ್ಬ ಮುದುಕಿ, ಸಾಬೂನಿನ ನೊರೆ ತನ್ನ ಎಮ್ಮೆ ನೀರು ಕುಡಿಯುವಲ್ಲಿಗೆ ಬರುತ್ತದೆ ಎಂದು ತಕರಾರು ತೆಗೆದಳು. ಗೌಡರು ಎಮ್ಮೆ ಎಷ್ಟು ಹೊತ್ತಿಗೆ ಕುಡಿಯುತ್ತದೆ ಎಂದು ವಿಚಾರಿಸಿ, ಎಮ್ಮೆ ಕುಡಿದು ಹೋದ ಮೇಲೆ ಒಗೆಯಬಹುದು ಎಂದು ತೀರ್ಮಾನಿಸಿದರು. ಅದನ್ನು ಹುಕುಮಿನಲ್ಲಿ ಬರೆಯಬೇಕಂತೆ. ಎಮ್ಮೆಯ ದಿನಚರಿಯನ್ನು ಸರಕಾರಿ ಕಾಗದದಲ್ಲಿ ಬರೆದರೆ ಲೆಕ್ಕ ತನಿಖೆಗೆ ಬಂದವರು ನಗುತ್ತಾರೆ ಎಂದೆ. "ಎಮ್ಮೆಗೆ ಓದ್ಲಿಕ್ಕೆ ಬರುದಿಲ್ಲ. ಅದಕ್ಕೇ ನಾವು ಬರೆದಿಡುದು," ಎಂದರು. ಇದು ತಮಾಷೆಯೋ ನ್ಯಾಯವೋ ಎಂದು ನನಗೆ ಆಗ ಗೊತ್ತಾಗಲಿಲ್ಲ. ಬರೆದೆ.

ಇಂಥವರ ಎದುರಿಗೆ ನಾನು ಬಾಳಕ್ಕನ ಅರ್ಜಿಯನ್ನು ಇಟ್ಟದ್ದು.

ಬಾಳಕ್ಕ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೇಸಾಯ ಮಾಡಿಕೊಂಡಿದ್ದವಳು. ತೋಡಿನ ಈಚೆಗೆ, ಸ್ವಲ್ಪ ಎತ್ತರದಲ್ಲಿ ಅವಳ ಮೂರು ಗದ್ದೆ. ಮಳೆಯ ನೀರಿನಲ್ಲಿ ಮೊದಲ ಬೆಳೆಯಾದ ಏಣೇಲು ಹೇಗೂ ಆಗುತ್ತದೆ. ಎರಡನೆಯ ಬೆಳೆಯಾದ ಸುಗ್ಗಿಗೆ ಮಾತ್ರ ತೋಡಿಗೆ ಕಟ್ಟ ಹಾಕಿ ನೀರನ್ನು ಎತ್ತರಿಸಲೇಬೇಕು. ಕಲ್ಲು, ಸೊಪ್ಪು, ಮಣ್ಣು ತುಂಬಿ ಹತ್ತು ಆಳು ಮೂರು ದಿನ ದುಡಿದರೆ ಒಂದು ಮಣ್ಣಿನ ಕಟ್ಟ ಆಗುತ್ತದೆ. ಊರಿನಲ್ಲಿ ಅವರಿವರು ಸೇರಿ ಒಬ್ಬರ ಕಟ್ಟವನ್ನು ಇನ್ನೊಬ್ಬರು ಕಟ್ಟಿಕೊಡುವ ಕ್ರಮ. ಕೊಟ್ಟ ಆಳಿಗೆ ಆಳನ್ನು ಹಿಂದಕ್ಕೆ ಕೊಡಬೇಕು. ಬಾಳಕ್ಕನ ಮನೆಯಿಂದ ಕೊಡಲು ಗಂಡಾಳಿಲ್ಲ. ಹಾಗಾಗಿ ಎಲ್ಲರ ಕಟ್ಟ ಮುಗಿದ ಮೇಲೆ ಅವಳದ್ದು. ಅಷ್ಟು ಹೊತ್ತಿಗೆ ನೀರು ಅರ್ಧ ಇಳಿದಿರುತ್ತದೆ. ಎರಡು ವರ್ಷ ಅವಳ ಸುಗ್ಗಿ ಕದಿರು ಬರುವ ಮೊದಲೇ ಒಣಗಿತ್ತು. ಸುಗ್ಗಿ ಇಲ್ಲವೆಂದರೆ ಆಟಿಗೆ ಅಕ್ಕಿ ಇಲ್ಲ. ಸಂಪಾಜೆಯ ಕಡೆ ರಸ್ತೆ ಕೆಲಸದಲ್ಲಿ ಮೇಸ್ತ್ರಿಯಾಗಿದ್ದ ಅವಳ ಅಣ್ಣ, ಪಂಚಾಯಿತಿ ಒಪ್ಪಿದರೆ ಕರಿಕಲ್ಲು ಸಿಮೆಂಟಿನಲ್ಲಿ ಒಂದು ಶಾಶ್ವತ ಕಟ್ಟವನ್ನು ತಾನೇ ಕಟ್ಟಿಕೊಡುತ್ತೇನೆ ಎಂದಿದ್ದ.

ಅರ್ಜಿಯನ್ನು ನಾನೇ ಬರೆದೆ. ಊರಿನಲ್ಲಿ ಯಾರಿಗೆ ಏನು ಬರೆಯಿಸಬೇಕಿದ್ದರೂ ನನ್ನ ಹತ್ತಿರವೇ ಬರುತ್ತಿದ್ದರು. ಇದು ನಾನು ಬರೆದ ಅತ್ಯುತ್ತಮ ಅರ್ಜಿ. ಓದಿದವರು ಒಪ್ಪದೆ ಉಪಾಯವಿಲ್ಲ.

ಗೌಡರು ನೀರಿನಲ್ಲಿ ನಿಂತರು, ನಾನು ಓದಿದೆ. ಆಚೆ ದಡದಲ್ಲಿ ದೂಮಣ್ಣ ನಿಂತಿದ್ದ. ಕಟ್ಟ ಬರುವ ಜಾಗಕ್ಕೆ ಎದುರಾಗಿ, ತಗ್ಗಿನಲ್ಲಿ, ಅವನ ಗದ್ದೆ. ತಕರಾರು ಉಂಟೋ ಎಂದು ಕೇಳಿದ್ದಕ್ಕೆ ಏನೂ ಹೇಳಲಿಲ್ಲ. ಬೀಡಿ ಸೇದುತ್ತಾ ನೀರನ್ನು ನೋಡುತ್ತಿದ್ದ. ಮೌನ ಸಮ್ಮತಿಯೆಂದು ನಾನು ಬರೆದುಕೊಂಡೆ. ಗೌಡರು ದಡಕ್ಕೆ ಬಂದು ಕಾಲು ಒರೆಸಿಕೊಳ್ಳುತ್ತಾ, ಮಾತಾಡಿದವನ ತಕರಾರಿಗೆ ಮದ್ದು ಉಂಟು, ಮಾತಾಡದವನದ್ದಕ್ಕೆ ಎಂತ ಮಾಡುದು ಎಂದು ಗೊಣಗಿದರು. ಆ ವಾಕ್ಯದಲ್ಲಿ ಮೂರು ಭಾಷೆಗಳಿದ್ದವು.

ಸಭೆಯಲ್ಲಿ ಐದು ಮಂದಿ. ಗೌಡರು ಮೊದಲೇ ಬೇಡವೆಂದರು. ಅವರ ವಾದ ಇಷ್ಟು: ಮಣ್ಣಿನ ಕಟ್ಟವನ್ನು ಯಾರೂ ಬಿಚ್ಚದಿದ್ದರೂ ಮೊದಲ ಮಳೆಯ ನೀರೇ ಒಡೆದುಕೊಂಡು ಹೋಗುತ್ತದೆ. ಕಲ್ಲಿನ ಕಟ್ಟ ಹೋಗುವುದಿಲ್ಲ. ಆಗ ನೀರು ದಡವನ್ನು ಒಡೆಯುತ್ತದೆ. ನಾನು ಗುಮಾಸ್ತ, ಸಭೆಯಲ್ಲಿ ಮಾತಾಡುವ ಹಕ್ಕು ನನಗಿರಲಿಲ್ಲ. ಆದರೂ ಎದ್ದು ನಿಂತು, ಪ್ರತಿವರ್ಷ ಒಡೆದುಹೋಗುವುದನ್ನು ಪ್ರತಿವರ್ಷ ಕಟ್ಟುವುದು ಬುದ್ಧಿವಂತಿಕೆಯಾದರೆ ಈ ಕಚೇರಿಯ ಗೋಡೆಯನ್ನೂ ಸೊಪ್ಪಿನಲ್ಲೇ ಕಟ್ಟಬಹುದಿತ್ತಲ್ಲ ಎಂದೆ. ಅಂಗಡಿಯ ಶೇಷಪ್ಪ ಎಂಬ ಮೆಂಬರರು ಜೋರಾಗಿ ನಕ್ಕರು. ಚರ್ಚೆಯಲ್ಲಿ ನಗೆ ಬಿದ್ದ ಬದಿಗೆ ಓಟು ಬೀಳುತ್ತದೆ.

ಗೌಡರು ನನ್ನ ಕಡೆಗೆ ತಿರುಗಿ ಮೆತ್ತಗೆ ಹೇಳಿದರು: "ಮಣ್ಣಿನ ಕಟ್ಟಕ್ಕೆ ಸೋಲುವ ಬುದ್ಧಿ ಉಂಟು ವಕೀಲ್ರೆ. ಸಿಮೆಂಟಿಗೆ ಅದಿಲ್ಲ."

ಮೂವರು ಪರ, ಒಬ್ಬರು ತಟಸ್ಥ. 'ಅಧ್ಯಕ್ಷರು ವಿರೋಧಿಸಿದರು' ಎಂದು ನಾನೇ ನಡವಳಿ ಪುಸ್ತಕದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆ. ಸೋತ ಮೇಲೆ ಗೌಡರು ಒಂದು ಷರತ್ತು ಮಾತ್ರ ಕೇಳಿಕೊಂಡರು. ನಡುವೆ ಕಿಂಡಿ ಬಿಡಬೇಕು, ಕಿಂಡಿಗೆ ಹೆಬ್ಬಲಸಿನ ಹಲಗೆ ಹಾಕಿ ಮಣ್ಣು ತುಂಬಬೇಕು, ಪತ್ತನಾಜೆಗೆ ಮುಂಚೆ ಹಲಗೆ ತೆಗೆಯಬೇಕು. ಇದಕ್ಕೆ ಎಲ್ಲರೂ ಒಪ್ಪಿದರು. ತೆಗೆಯುವವರು ಯಾರು ಎಂದು ಬರೆಯಬೇಕೆಂದರು ಗೌಡರು. ಪಂಚಾಯಿತಿಯವರೇ ತೆಗೆಯುವುದೆಂದು ಬರೆಯಿರಿ ಎಂದೂ ಅವರೇ ಹೇಳಿದರು. ಅಲ್ಲಿಯೂ ನಾನು ಬಿಡಲಿಲ್ಲ. ಹಾಗೆ ಬರೆದರೆ ನಾಳೆ ಏನಾದರೂ ಆದಾಗ ಹೊಣೆ ಪಂಚಾಯಿತಿಯ ತಲೆಗೆ ಬರುತ್ತದೆ ಎಂದು ವಾದಿಸಿ, 'ಸಂಬಂಧಪಟ್ಟವರು ತೆಗೆಯತಕ್ಕದ್ದು' ಎಂದು ಬರೆದೆ. ಬಹಳ ಒಳ್ಳೆಯ ಸರಕಾರಿ ವಾಕ್ಯ. ಅದಕ್ಕೆ ಗೌಡರು ನಾಲಿಗೆಯನ್ನು ತುಟಿಯ ಮೂಲೆಗೆ ಒತ್ತಿ ರುಜು ಹಾಕಿದರು.

ಆ ವರ್ಷ ಬಾಳಕ್ಕನ ಸುಗ್ಗಿ ಊರಿನವರು ನಿಂತು ನೋಡುವ ಹಾಗೆ ಬಂತು. ಕೊಯ್ಲಿನ ದಿನ ಅವಳು ನನಗೆ ಒಂದು ಕುಡ್ತೆ ಹೊಸ ಅವಲಕ್ಕಿ ಕಳಿಸಿದಳು. ನಾನು ಗೆದ್ದಿದ್ದೆ.

ಪತ್ತನಾಜೆ ಬಂತು. ಹೋಯಿತು. ಹಲಗೆಗಳು ಇದ್ದಲ್ಲೇ ಇದ್ದವು. ಆಮೇಲೆ ನಾನು ಒಬ್ಬೊಬ್ಬರನ್ನೇ ಕೇಳಿದೆ. ಪಂಚಾಯಿತಿಯ ಕಾಗದ, ಪಂಚಾಯಿತಿಯವರೇ ಬಂದು ತೆಗೆಯುತ್ತಾರೆಂದು ಬಾಳಕ್ಕ ಕಾದಿದ್ದಳು. ಕಟ್ಟಿಸಿದವಳು ತೆಗೆಯುತ್ತಾಳೆಂದು ಶೇಷಪ್ಪನವರು ತಿಳಿದಿದ್ದರು. ಕಟ್ಟಿದ ಅಣ್ಣ ಸಂಪಾಜೆಯಲ್ಲಿದ್ದ. ದೂಮಣ್ಣನ ಉತ್ತರ ಎಲ್ಲಕ್ಕಿಂತ ಸರಿಯಾಗಿತ್ತು. ಇನ್ನೊಬ್ಬರ ಕಟ್ಟದ ಹಲಗೆಗೆ ನಾನು ಕೈ ಹಾಕಿದರೆ ಕಳ್ಳ ಎನ್ನುವುದಿಲ್ಲವೇ ಎಂದು ಕೇಳಿದ. ನಾನು? ಬರೆದ ಮೇಲೆ ನನ್ನ ಕೆಲಸ ಮುಗಿಯಿತೆಂದುಕೊಂಡಿದ್ದೆ.

ಮಳೆ ಎರಡು ದಿನ ಬಿಡದೆ ಹೊಯ್ಯಿತು. ಮೂರನೆಯ ಬೆಳಿಗ್ಗೆ ಗೌಡರು ಇಬ್ಬರನ್ನು ಕಟ್ಟಿಕೊಂಡು ಹಾರೆ ಹಿಡಿದು ಕೆಂಪು ನೀರಿಗೆ ಇಳಿದರು. ಎಂಟು ಹಲಗೆಗಳಲ್ಲಿ ಐದು ಬಂದವು. ಉಳಿದ ಮೂರು ನೀರು ಕುಡಿದು ಉಬ್ಬಿ ಕಲ್ಲಿಗೆ ಕಚ್ಚಿಕೊಂಡಿದ್ದವು. ಎಳೆಯುವಾಗಲೇ ಮೇಲಿನಿಂದ ಒಂದು ಮರದ ಕೊಂಬೆ ಬಂದು ಕಿಂಡಿಗೆ ಸಿಕ್ಕಿತು. ಗೌಡರನ್ನು ರಟ್ಟೆ ಹಿಡಿದು ದಡಕ್ಕೆ ಎಳೆಯಬೇಕಾಯಿತು. ನಮ್ಮ ಕಣ್ಣೆದುರಿಗೇ ತೋಡು ಆಚೆಗೆ ತಿರುಗಿ, ದೂಮಣ್ಣನ ಗದ್ದೆಯ ಬದುವನ್ನು ನುಂಗಿ, ಗದ್ದೆಯ ಕಾಲುಪಾಲನ್ನು ತೆಗೆದುಕೊಂಡು, ಉಳಿದದ್ದರ ಮೇಲೆ ಮೊಣಕಾಲಿನಷ್ಟು ಹೊಯಿಗೆ, ಬರೀ ಮರಳು, ಹಾಸಿ ಹೋಯಿತು.

ಕಟ್ಟದಿಂದಾಗಿಯೇ ಹೀಗಾಯಿತೇ? ನಾನು ಈಗಲೂ ಹೇಳಲಾರೆ. ಕಟ್ಟವೇ ಇಲ್ಲದ ಕಡೆಯಲ್ಲೂ ಆ ವರ್ಷ ದಡ ಜರಿದಿತ್ತು. ಆದರೆ ಅದನ್ನು ಹೊಯಿಗೆಯಲ್ಲಿ ನಿಂತ ದೂಮಣ್ಣನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ನಾಲ್ಕು ದಿನ ಬಿಟ್ಟು ದೂಮಣ್ಣ ಕಚೇರಿಗೆ ಬಂದ. ಮೇಲಿನವರಿಗೆ ಒಂದು ದೂರು ಬರೆಯಬೇಕು, ಬರೆದು ಕೊಡಿ ಎಂದ. ಬೇರೆ ಯಾರಿದ್ದಾರೆ ಬರೆಯುವವರು? ಬರೆಯಲು ಕೂತ ಮೇಲೆ ನನ್ನ ಕೈ ತಾನಾಗಿ ಓಡಿತು. ಹರಿಯುವ ನೀರಿಗೆ ಅಡ್ಡವಾಗಿ ಒಬ್ಬರ ಲಾಭಕ್ಕಾಗಿ ಕಟ್ಟಿದ್ದನ್ನು ಬುಡಸಮೇತ ತೆಗೆಸಬೇಕೆಂಬುದಕ್ಕೆ ಏಳು ಕಾರಣಗಳನ್ನು ಕೊಟ್ಟೆ. ಏಳೂ ಗಟ್ಟಿಯಾಗಿದ್ದವು. ಮೂರು ಪ್ರತಿ ಮಾಡಿ, ಎರಡನ್ನು ಎರಡು ಇಲಾಖೆಗಳಿಗೆ ಕಳಿಸಿ, ಮೂರನೆಯದನ್ನು ಕಡತಕ್ಕೆ ಹಾಕಿದೆ.

ಗೌಡರು ಕಡತವನ್ನು ಬಿಚ್ಚಿಸಿ ಬಾಳಕ್ಕನ ಅರ್ಜಿ, ದೂಮಣ್ಣನ ದೂರು ಎರಡನ್ನೂ ಓದಿಸಿಕೊಂಡರು. ಅವತ್ತು ಮಾತ್ರ ಕಚೇರಿಯಲ್ಲಿ ಕೂತೇ ಕೇಳಿದರು, ಮಳೆಗಾಲದ ತೋಡಿನಲ್ಲಿ ನಿಲ್ಲುವ ಹಾಗಿರಲಿಲ್ಲ. ಮುಗಿದ ಮೇಲೆ ಎರಡು ಕಾಗದಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಎರಡೂ ನನ್ನದೇ ಅಕ್ಷರ.

"ಇದು ಕೇಳಿದ್ರೆ ಬಾಳಕ್ಕನದ್ದೇ ಸರಿ ಅಂತ ಆಗ್ತದೆ. ಅದು ಕೇಳಿದ್ರೆ ದೂಮಣ್ಣನದ್ದೇ ಸರಿ. ನಿಮ್ಮದು ಎಂತ ವಕೀಲ್ರೆ?"

ಅವರು ಚುಚ್ಚಲು ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದ್ದರು. ನಾನು ಬಾಯಿ ತೆರೆದೆ. ಚೀಟಿ ಎತ್ತದೆ ಮಾತಾಡುವುದು ನನಗೆ ಅಭ್ಯಾಸವಿಲ್ಲವೆಂದು ಆಗ ಗೊತ್ತಾಯಿತು.

ದೀಪಾವಳಿ ಕಳೆದು, ಊರಿನವರು ಕಟ್ಟ ಹಾಕಲು ಸೊಪ್ಪು ಕಡಿಯುತ್ತಿದ್ದ ಹೊತ್ತಿಗೆ, ಎರಡು ಇಲಾಖೆಗಳ ಉತ್ತರಗಳು ಒಂದೇ ವಾರದಲ್ಲಿ ಬಂದವು. ಒಂದು ಹೇಳಿತು: ಗ್ರಾಮದೊಳಗಿನ ತೋಡಿನ ಸಣ್ಣಪುಟ್ಟ ಕಟ್ಟೋಣಗಳಿಗೆ ಒಪ್ಪಿಗೆ ಕೊಡುವುದು ಪಂಚಾಯಿತಿಯ ಕೆಲಸ, ಇಂಥ ಕ್ಷುಲ್ಲಕ ವಿಷಯಗಳನ್ನು ಇಲ್ಲಿಗೆ ಕಳಿಸಕೂಡದು. ಇನ್ನೊಂದು ಹೇಳಿತು: 'ಹರಿಯುವ ಯಾವ ನೀರಿನಲ್ಲೂ ಯಾವ ಕಟ್ಟೋಣಕ್ಕೂ ಒಪ್ಪಿಗೆ ಕೊಡುವ ಅಧಿಕಾರ ಪಂಚಾಯಿತಿಗೆ ಇಲ್ಲ, ಯಾವ ಕಲಮಿನ ಪ್ರಕಾರ ಕೊಟ್ಟಿರೆಂದು ಅಧ್ಯಕ್ಷರು ಸಮಜಾಯಿಷಿ ಕೊಡಬೇಕು, ಕೊಡಲಾಗದಿದ್ದರೆ ಕಟ್ಟವನ್ನು ತೆಗೆಯಿಸಬೇಕು.' ನಾನು ಕಪಾಟು ತೆರೆದು ನೋಡಿದೆ. ಮೊದಲಿನವರು ಹೇಳಿದ ಕಲಮು ಮೈಸೂರಿನ ಪುಸ್ತಕದಲ್ಲಿತ್ತು, ಎರಡನೆಯವರದ್ದು ಮದರಾಸಿನದ್ದರಲ್ಲಿ. ಯಾವುದು ಊರ್ಜಿತ? ಪುತ್ತೂರಿನ ಒಬ್ಬ ಹಿರಿಯ ವಕೀಲರನ್ನು ಕೇಳಿದೆ. ಎರಡೂ ಸರಿಯಿರಬಹುದು ಎಂದರು.

ಬಾಳಕ್ಕ ದಿನಕ್ಕೆರಡು ಸಲ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ವಾರದೊಳಗೆ ಕಿಂಡಿಗೆ ಹಲಗೆ ಬೀಳದಿದ್ದರೆ ಅವಳ ಸುಗ್ಗಿ ಆ ವರ್ಷಕ್ಕೆ ಮುಗಿಯಿತು. ಮಣ್ಣಿನ ಕಟ್ಟಕ್ಕೆ ಈಗ ಯಾರೂ ಆಳು ಕೊಡುವುದಿಲ್ಲ. ನಿನಗೆ ಸಿಮೆಂಟಿನದ್ದು ಉಂಟಲ್ಲ ಎನ್ನುತ್ತಾರೆ.

ನಾನು ನಡವಳಿ ಪುಸ್ತಕವನ್ನು ಗೌಡರ ಮುಂದೆ ತೆರೆದಿಟ್ಟೆ. ನಿಮಗೆ ಭಯವಿಲ್ಲ, 'ಅಧ್ಯಕ್ಷರು ವಿರೋಧಿಸಿದರು' ಎಂದು ಇಲ್ಲಿದೆ, ಈ ಪುಟದ ನಕಲು ಕಳಿಸಿದರೆ ನಿಮ್ಮ ಮೇಲೆ ಏನೂ ಬರುವುದಿಲ್ಲ ಎಂದೆ.

"ಅದು ಕಳಿಸುದು ಬೇಡ."

"ಯಾಕೆ ಗೌಡ್ರೆ? ಇದ್ದದ್ದನ್ನೇ ಹೇಳುದಲ್ವಾ? ನೀವು ಬೇಡ ಅಂದದ್ದು ಸುಳ್ಳಾ?"

"ಒಳಗೆ ಬೇಡ ಅಂದದ್ದು ಹೌದು. ಹೊರಗೆ ರುಜು ಹಾಕಿದ್ದು ಯಾರು?"

ಸಭೆಯ ನಿರ್ಣಯಕ್ಕೆ ಅಧ್ಯಕ್ಷರು ರುಜು ಹಾಕಲೇಬೇಕು, ಅದು ಸ್ವಂತ ಒಪ್ಪಿಗೆಯಲ್ಲ ಎಂದು ನಾನು ವಿವರಿಸತೊಡಗಿದೆ.

"ಅದೆಲ್ಲ ಬಾಳಕ್ಕನಿಗೆ ಗೊತ್ತುಂಟಾ ಮಾರಾಯ್ರೆ? ಅವಳು ನನ್ನ ರುಜು ನೋಡಿ ಕಲ್ಲು ಹೊರಿಸಿದ್ದು."

ಮಾರನೆಯ ಬೆಳಿಗ್ಗೆ ಅವರು ತೋಡಿಗಿಳಿದರು. ಎರಡು ಇಲಾಖೆಗಳ ಎರಡು ಕಾಗದಗಳನ್ನೂ ಬಂಡೆಯ ಮೇಲಿನಿಂದ ನನ್ನಿಂದ ಓದಿಸಿದರು. ಅರ್ಥವಾಗದ ಕಡೆ ನಿಲ್ಲಿಸಿ ತುಳುವಿನಲ್ಲಿ ಹೇಳಿಸಿದರು. ಓದು ಮುಗಿಯಿತು. ಗೌಡರು ಆಚೆ ದಡದ ದೂಮಣ್ಣನ ಕಡೆಗೆ ತಿರುಗಿದರು. ಒಂದು ಸರಕಾರ ಹೌದು ಹೇಳ್ತದೆ, ಒಂದು ಅಲ್ಲ ಹೇಳ್ತದೆ, ನನಗೂ ತಲೆಬುಡ ಗೊತ್ತಾಗುದಿಲ್ಲ. ಗದ್ದೆ ಹೋದದ್ದು ನಿನ್ನದು, ನೀನು ಹೇಳದೆ ನಾನು ಈ ನೀರಿನಿಂದ ಮೇಲೆ ಬರುವುದಿಲ್ಲ ಎಂದರು. ಕಳೆದ ವರ್ಷದ ಹಾಗೆ ಸುಮ್ಮನೆ ಬೀಡಿ ಸೇದಿದರೆ ಆಗ್ಲಿಕ್ಕಿಲ್ಲ ಎಂದೂ ಸೇರಿಸಿದರು.

ದೂಮಣ್ಣ ತನ್ನ ಹೊಯಿಗೆ ತುಂಬಿದ ಗದ್ದೆಯನ್ನು ನೋಡಿದ. ಆಮೇಲೆ ಬಾಳಕ್ಕನ ಕಡೆಗೆ. ಗೌಡರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಕಾರ್ತಿಕದ ನೀರು ಬೆಳಿಗ್ಗೆ ಕೊರೆಯುತ್ತದೆ.

"ಕಟ್ಟ ಇರ್ಲಿ," ಎಂದ ದೂಮಣ್ಣ. "ಹಲಗೆ ಮಾತ್ರ ನನ್ನ ಅಟ್ಟದಲ್ಲಿ ಇರ್ಬೇಕು. ಹಾಕುದು ಅವಳು ಹೇಳಿದಾಗ. ತೆಗೆಯುದು ನನಗೆ ಕಂಡಾಗ."

ಬಾಳಕ್ಕ ಒಪ್ಪಲಿಲ್ಲ. ಸಿಟ್ಟಿಗೆ ಅವನು ಮಾಘದಲ್ಲೇ ತೆಗೆದರೆ ತನ್ನ ಗತಿಯೇನು ಎಂದಳು. ಗೌಡರು ಅಲ್ಲಿಯೇ, ಕಟ್ಟದ ಹಿಂದೆ ನಿಂತ ನೀರಿನಿಂದ ದೂಮಣ್ಣನ ಹೊಯಿಗೆಗೂ ಒಂದು ಸಣ್ಣ ಕಾಲುವೆ, ಕಣಿ, ಹರಿಯಬೇಕೆಂದು ಗೊತ್ತುಮಾಡಿದರು. ಹೊಯಿಗೆಯಲ್ಲಿ ಭತ್ತ ಆಗದಿದ್ದರೂ ಸೌತೆಯೋ ಬಚ್ಚಂಗಾಯಿಯೆಂಬ ಕಲ್ಲಂಗಡಿಯೋ ಆಗುತ್ತದೆ. ಹಲಗೆ ತೆಗೆದರೆ ಇಬ್ಬರಿಗೂ ಒಣಗುತ್ತದೆ. ಬಾಳಕ್ಕ ಸ್ವಲ್ಪ ಯೋಚಿಸಿ ತಲೆಯಾಡಿಸಿದಳು. ನಾನು ಹುಕುಮು ಬರೆದೆ. ಯಾವ ಕಲಮಿನ ಪ್ರಕಾರ ಎಂದು ಕೇಳಿದ್ದಕ್ಕೆ, ಜಾಗ ಖಾಲಿ ಬಿಡಿ, ಗೊತ್ತಿದ್ದವರು ತುಂಬಿಸಲಿ ಎಂದರು ಗೌಡರು.

ಸಮಜಾಯಿಷಿಯಲ್ಲಿ ಅವರು ಬರೆಸಿದ್ದು ಎರಡೇ ಸಾಲು: ಒಪ್ಪಿಗೆ ಕೊಟ್ಟವನು ನಾನು, ಬಂದು ನೋಡಬೇಕು. ಯಾರೂ ಬರಲಿಲ್ಲ. ಬೈದು ಬರೆಯಲೂ ಇಲ್ಲ. ಅದು ಒಪ್ಪಿಗೆಯೋ ಮರೆವೋ ತಿಳಿಯದೆ ಗೌಡರು ಮುಂದಿನ ಟಪಾಲುಗಳನ್ನೆಲ್ಲ ಒಡೆಯುವಾಗ ಒಮ್ಮೆ ಉಸಿರು ಹಿಡಿಯುತ್ತಿದ್ದರು. ದೂಮಣ್ಣ ಆ ವರ್ಷ ಪತ್ತನಾಜೆಗೆ ಹತ್ತು ದಿನ ಮುಂಚೆಯೇ, ಆಕಾಶದಲ್ಲಿ ಒಂದು ಕರಿ ಮೋಡ ಕಂಡದ್ದೇ, ಎಂಟು ಹಲಗೆಗಳನ್ನೂ ಹೊತ್ತುಕೊಂಡು ಹೋದ.

ನಾನು ಕಾನೂನು ಓದಲು ಹೋದೆ. ಪಂಚಾಯಿತಿಗೆ ಮತ್ತೆ ಚುನಾವಣೆಯಾಗಿ ಗೌಡರು ಇಳಿದು ಶೇಷಪ್ಪನವರು ಅಧ್ಯಕ್ಷರಾದರೆಂದು ಕಾಗದದಲ್ಲಿ ತಿಳಿಯಿತು. ಗೌಡರನ್ನು ನಾನು ಕೊನೆಗೆ ನೋಡಿದ್ದು ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ. ಮುಟ್ಟಾಳೆಯ ಬದಲು ತಲೆಗೆ ಬೈರಾಸು ಸುತ್ತಿದ್ದರು. ಕೈಯಲ್ಲಿ ಒಂದು ಅರ್ಜಿ. ತಮ್ಮ ಮನೆಯ ಎದುರಿನ ತೋಡಿಗೆ ಸಂಕ ಹಾಕಬೇಕಿತ್ತಂತೆ. ಹೊಸ ಪಂಚಾಯಿತಿ ಎಲ್ಲವನ್ನೂ ಮೇಲಕ್ಕೆ ಕಳಿಸುತ್ತಿತ್ತು, ಗೌಡರು ಆ ಮೇಲಿನವರನ್ನು ಹುಡುಕಿಕೊಂಡು ಬಂದಿದ್ದರು. ಮೂರು ಕಚೇರಿ ಆಗಿತ್ತು. ಅರ್ಜಿ ಓದಿದೆ. ಯಾರೋ ಅರ್ಧಂಬರ್ಧ ಬರೆದದ್ದು. ನಾನು ಹೊಸತು ಬರೆದುಕೊಡುತ್ತೇನೆಂದು ಪೆನ್ನು ತೆಗೆದೆ.

"ಬೇಡ ವಕೀಲ್ರೆ. ನೀವು ಬರೆದ್ರೆ ಪಾಸಾಗ್ತದೆ."

"ಪಾಸಾಗ್ಲಿ ಅಂತಲ್ವಾ ಗೌಡ್ರೆ ಬಂದದ್ದು?"

"ಹೌದು. ಆದ್ರೆ ಆಚೆ ಬದಿಯವರು ಎಂತ ಹೇಳ್ತಾರೆ ಅಂತ ನನಗೆ ಇನ್ನೂ ಗೊತ್ತಾಗ್ಲಿಲ್ಲ," ಎಂದು ಅರ್ಜಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಹಾಗಾದರೆ ಪುತ್ತೂರಿಗೆ ಯಾಕೆ ಬಂದಿರಿ ಎಂದು ಕೇಳುವಷ್ಟರಲ್ಲಿ ಸುಳ್ಯದ ಬಸ್ಸು ಬಂತು. ಕಿಟಕಿಯ ಹತ್ತಿರ ಕೂತು, ಎಂದಿನ ಹಾಗೆ ಏನೋ ಹೇಳಿದರು. ಎಂಜಿನಿನ ಸದ್ದಿಗೆ ಕೇಳಲಿಲ್ಲ. ಆ ವರ್ಷ ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ಅವರು ಜ್ವರದಿಂದ ತೀರಿಕೊಂಡರು. ನನಗೆ ಗೊತ್ತಾದದ್ದು ತಿಂಗಳು ಕಳೆದ ಮೇಲೆ.

ಮೊನ್ನೆ ಮಕರ ಸಂಕ್ರಮಣ ಕಳೆದು ಊರಿಗೆ ಹೋಗಿದ್ದೆ. ನಾನು ಬಂದದ್ದು ಗೊತ್ತಾಗಿ ಬಾಳಕ್ಕ ಕರೆಸಿದಳು. ಅವಳ ಮೂರು ಗದ್ದೆಗಳಲ್ಲೂ ಸುಗ್ಗಿ ಹೊಡೆ ತುಂಬಿ ನಿಂತಿತ್ತು. ಇನ್ನು ಒಂದು ತಿಂಗಳ ನೀರು ಸಿಕ್ಕಿದರೆ ಅನ್ನ, ಸಿಗದಿದ್ದರೆ ಹುಲ್ಲು. ಅವಳ ಕೈಯಲ್ಲಿ ಪಂಚಾಯಿತಿಯ ನೋಟೀಸು. ಹಳೆಯ ಕಡತಗಳನ್ನು ಪರಿಶೀಲಿಸಿದಾಗ ಸದರಿ ಕಟ್ಟದ ಒಪ್ಪಿಗೆಯಲ್ಲಿ ಕಲಮು ನಮೂದಾಗಿಲ್ಲವೆಂದು ಕಂಡುಬಂದಿರುವುದರಿಂದ ಹದಿನೈದು ದಿನಗಳೊಳಗೆ ಹಲಗೆಗಳನ್ನು ತೆಗೆಯತಕ್ಕದ್ದು ಎಂದಿತ್ತು ಅದರಲ್ಲಿ.

ಕಟ್ಟದ ಮೇಲೆ ನಾವು ಮೂವರು ಕೂತೆವು, ದೂಮಣ್ಣನೂ ಬಂದಿದ್ದ. ನಾನು ಈಗ ಕಾನೂನು ಓದಿದವನು. ನೋಟೀಸು ಸರಿಯೆಂಬುದಕ್ಕೆ ನಾಲ್ಕು ಕಾರಣ ಹೊಳೆದವು, ತಪ್ಪೆಂಬುದಕ್ಕೆ ಐದು. ಕಲಮಿನ ಜಾಗವನ್ನು ಖಾಲಿ ಬಿಟ್ಟ ಕೈ ನನ್ನದೇ. ಹುಕುಮನ್ನು ಅನೂರ್ಜಿತ ಎನ್ನಬಹುದು, ರೂಢಿಯ ಹಕ್ಕು ಎನ್ನಬಹುದು.

"ಉತ್ತರ ಎಂತ ಬರೆಯುದು ಅಣ್ಣ?" ಎಂದು ನನ್ನನ್ನು ಕೇಳಿದಳು ಬಾಳಕ್ಕ.

ನನಗೆ ತಿಳಿಯುವುದಿಲ್ಲ ಎಂದೆ. ದೂಮಣ್ಣ ಕಣಿಯ ನೀರಿಗೆ ಅಡ್ಡ ಸಿಕ್ಕಿದ್ದ ಒಂದು ಎಲೆಯನ್ನು ಕಾಲಿನಿಂದ ಬಿಡಿಸಿದ.

"ಹಲಗೆ ತೆಗೆಯುವವ ನಾನು. ಅವಳ ಪೈರು ಕೊಯ್ದ ಮೇಲೆ ತೆಗೆಯುದು. ಹಾಗೆ ಬರೆಯಿರಿ ಗುಮಾಸ್ತ್ರೆ."

ನೋಟೀಸಿನ ಹಿಂಬದಿಯಲ್ಲಿ, ಅವನು ಹೇಳಿದ ಹಾಗೆಯೇ, ಒಂದು ಶಬ್ದವನ್ನೂ ತಿದ್ದದೆ ಬರೆದೆ. ಬಾಳಕ್ಕನಿಗೂ ದೂಮಣ್ಣನಿಗೂ ಓದಿ ಹೇಳಿದೆ. ಸರಿಯಾಯಿತು ಎಂದರು. ಅದರ ಅಡಿಯಲ್ಲಿ ರುಜು ಹಾಕಬೇಕಾದವರು ಯಾರು ಎಂಬುದು ಮಾತ್ರ, ಬಿಸಿಲು ಏರುವ ತನಕ ಕೂತರೂ, ನಮ್ಮ ಮೂವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ.